ಅಧಿಕ ಕೊಲೆಸ್ಟ್ರಾಲ್‌ಗೆ ಜೀನ್ ತಿದ್ದುಪಡಿ ಚಿಕಿತ್ಸೆ

ಯಕೃತ್ತಿನ ಜೀವಕೋಶಗಳಲ್ಲಿರುವ ಒಂದು ಆಯ್ದ ಜೀನನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಿ, ರಕ್ತದಲ್ಲಿನ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಜೀವನಪರ್ಯಂತ ಕಡಿಮೆ ಮಟ್ಟದಲ್ಲಿಡುವ ಉದ್ದೇಶದ ಚಿಕಿತ್ಸೆ ಇದು. ದಿನನಿತ್ಯದ ಮಾತ್ರೆ, ತಿಂಗಳಿಗೊಂದು ಚುಚ್ಚುಮದ್ದುಗಳ ಬದಲು ಒಂದೇ ಸಲ ರಕ್ತನಾಳದ ಮೂಲಕ ಔಷಧಿ ಕೊಟ್ಟು ಮುಗಿಸುವುದು ಇದರ ಗುರಿ. ಮನುಷ್ಯರ ಮೇಲೆ ಇದರ ಮೊದಲ ಪ್ರಯೋಗ 2022ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭವಾಯಿತು. 2025ರ ಕೊನೆಯವರೆಗೂ ಪ್ರಯೋಗಗಳು ಆರಂಭಿಕ ಹಂತದಲ್ಲೇ ಇದ್ದವು. ಹೆಚ್ಚಿನ ಪ್ರಯೋಗಗಳು ಪಿಸಿಎಸ್‌ಕೆ9 ಮತ್ತು ಎಎನ್‌ಜಿಪಿಟಿಎಲ್3 ಎಂಬ ಎರಡು ಜೀನ್‌ಗಳನ್ನು ಗುರಿಯಾಗಿಸಿಕೊಂಡಿವೆ.

ಕೊಲೆಸ್ಟ್ರಾಲ್ ಮತ್ತು ಯಕೃತ್ತು

ಜೀವಕೋಶಗಳ ಪೊರೆ, ಪಿತ್ತರಸ ಮತ್ತು ಹಲವು ಹಾರ್ಮೋನುಗಳ ತಯಾರಿಗೆ ಕೊಲೆಸ್ಟ್ರಾಲ್ ಅಗತ್ಯ. ಕೊಬ್ಬಿನ ಸ್ವಭಾವದ ಈ ವಸ್ತು ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಕಣಗಳಲ್ಲಿ ಸೇರಿ ರಕ್ತದಲ್ಲಿ ಸಂಚರಿಸುತ್ತದೆ. ಈ ಕಣಗಳಲ್ಲಿ ಎಲ್‌ಡಿಎಲ್ ಎಂಬುದು ಹೆಚ್ಚಾದರೆ ಅಪಧಮನಿಗಳ ಒಳಗೋಡೆಯಲ್ಲಿ ಕೊಲೆಸ್ಟ್ರಾಲ್ ಶೇಖರವಾಗುತ್ತದೆ. ವರ್ಷಗಳು ಕಳೆದಂತೆ ಅಲ್ಲಿ ಗಟ್ಟಿ ಪದರ ಬೆಳೆದು ರಕ್ತನಾಳ ಕಿರಿದಾಗುತ್ತದೆ. ಪದರ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಹೃದಯಾಘಾತ ಅಥವಾ ಪಾರ್ಶ್ವವಾಯು ಉಂಟಾಗುತ್ತದೆ.

ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ತೆಗೆದುಹಾಕುವ ಕೆಲಸದ ಬಹುಪಾಲು ಯಕೃತ್ತಿನದು. ಯಕೃತ್ತಿನ ಜೀವಕೋಶಗಳ ಹೊರಮೈಯಲ್ಲಿರುವ ಎಲ್‌ಡಿಎಲ್ ಗ್ರಾಹಕಗಳು ಈ ಕಣಗಳನ್ನು ಹಿಡಿದು ಒಳಗೆ ಒಯ್ಯುತ್ತವೆ, ಅಲ್ಲಿ ಕಣವನ್ನು ಬಿಟ್ಟು ಮತ್ತೆ ಹೊರಮೈಗೆ ಮರಳುತ್ತವೆ. ಒಂದೊಂದು ಗ್ರಾಹಕವೂ ಹೀಗೆ ಅನೇಕ ಬಾರಿ ಬಳಕೆಯಾಗುತ್ತದೆ. ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ 1970ರ ದಶಕದಲ್ಲಿ ಈ ಗ್ರಾಹಕವನ್ನು ಪತ್ತೆಮಾಡಿದರು. ಇಬ್ಬರಿಗೂ 1985ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ರಕ್ತದಲ್ಲಿ ಎಲ್‌ಡಿಎಲ್ ಎಷ್ಟಿರುತ್ತದೆಂಬುದು ಆಹಾರಕ್ಕಿಂತ ಹೆಚ್ಚಾಗಿ ಯಕೃತ್ತಿನ ಮೇಲೆ ಎಷ್ಟು ಗ್ರಾಹಕಗಳು ಕೆಲಸಮಾಡುತ್ತಿವೆ ಎಂಬುದನ್ನು ಅವಲಂಬಿಸಿದೆ. ಜೀನ್ ತಿದ್ದುಪಡಿಗೆ ಯಕೃತ್ತನ್ನೇ ಆರಿಸಿಕೊಂಡಿರುವುದು ಇದೇ ಕಾರಣಕ್ಕೆ.

ಆನುವಂಶಿಕ ಅಧಿಕ ಕೊಲೆಸ್ಟ್ರಾಲ್

ಕೊಲೆಸ್ಟ್ರಾಲ್ ಏರಿಕೆಗೆ ಆಹಾರ, ಸ್ಥೂಲಕಾಯ, ಮಧುಮೇಹ, ಥೈರಾಯ್ಡ್ ದೋಷ ಮೊದಲಾದ ಕಾರಣಗಳಿವೆ. ಆದರೆ ಕೆಲವರಲ್ಲಿ ಅದು ಹುಟ್ಟಿನಿಂದಲೇ ಬಂದಿರುತ್ತದೆ. ಎಲ್‌ಡಿಎಲ್ ಗ್ರಾಹಕದ ಜೀನ್, ಎಪಿಒಬಿ ಜೀನ್ ಅಥವಾ ಪಿಸಿಎಸ್‌ಕೆ9 ಜೀನಿನ ದೋಷದಿಂದ ಬರುವ ಈ ರೋಗ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗಿದೆ. ತಂದೆ ಅಥವಾ ತಾಯಿಯಿಂದ ಒಂದು ದೋಷಯುಕ್ತ ಪ್ರತಿ ಬಂದಿರುವವರಲ್ಲಿ ಚಿಕಿತ್ಸೆಯಿಲ್ಲದಿದ್ದಾಗ ಎಲ್‌ಡಿಎಲ್ ಸಾಮಾನ್ಯವಾಗಿ ಡೆಸಿಲೀಟರಿಗೆ 190 ಮಿಲಿಗ್ರಾಂ ಮೀರುತ್ತದೆ. ಇಂಥವರ ಮಕ್ಕಳಿಗೂ ಅದೇ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಒಬ್ಬರಲ್ಲಿ ರೋಗ ಪತ್ತೆಯಾದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸುವುದು ವೈದ್ಯಕೀಯ ಕ್ರಮ.

ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಪಡೆದವರು ಲಕ್ಷಾಂತರ ಜನರಲ್ಲಿ ಒಬ್ಬರು ಮಾತ್ರ. ಅವರ ಎಲ್‌ಡಿಎಲ್ 400 ಮಿಲಿಗ್ರಾಂಗಿಂತಲೂ ಮೇಲಿರಬಹುದು. ಬಾಲ್ಯದಲ್ಲೇ ಮೊಣಕೈ, ಮೊಣಕಾಲು, ಬೆರಳ ಸಂದುಗಳಲ್ಲಿ ಹಳದಿ ಬಣ್ಣದ ಗಂಟುಗಳು ಏಳುತ್ತವೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪವಾಗುತ್ತದೆ, ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿಯ ಬಳೆ ಕಾಣಿಸುತ್ತದೆ. ಇವೆಲ್ಲ ಹೊರಗೆ ಕಾಣುವಂತೆ ಶೇಖರವಾದ ಕೊಲೆಸ್ಟ್ರಾಲ್. ಇದೇ ಶೇಖರಣೆ ಹೃದಯದ ರಕ್ತನಾಳಗಳಲ್ಲೂ ನಡೆದಿರುವುದರಿಂದ ಇಪ್ಪತ್ತು ತುಂಬುವ ಮುನ್ನವೇ ಹೃದಯಾಘಾತವಾಗಬಹುದು. ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಎಲ್‌ಡಿಎಲ್ ಸೋಸುವ ಚಿಕಿತ್ಸೆಯನ್ನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಪಡೆಯುತ್ತಲೇ ಇರಬೇಕಾಗುತ್ತದೆ. ಕೆಲವರಿಗೆ ಯಕೃತ್ತಿನ ಕಸಿಯನ್ನೂ ಮಾಡಲಾಗಿದೆ. ರಕ್ತಸಂಬಂಧದಲ್ಲಿ ಮದುವೆಯಾಗುವ ರೂಢಿಯಿರುವ ಸಮುದಾಯಗಳಲ್ಲಿ ಈ ತೀವ್ರ ರೂಪದ ಸಾಧ್ಯತೆ ಹೆಚ್ಚು. ಸೋದರಮಾವ ಅಥವಾ ಸೋದರತ್ತೆಯ ಕಡೆ ಸಂಬಂಧ ಬೆಳೆಸುವ ಪದ್ಧತಿ ಇರುವ ದಕ್ಷಿಣ ಭಾರತಕ್ಕೂ ಈ ಮಾತು ಅನ್ವಯಿಸುತ್ತದೆ.

ಪಿಸಿಎಸ್‌ಕೆ9 ಜೀನಿನ ಶೋಧ

ಕೆನಡಾದ ಮಾಂಟ್ರಿಯಲ್‌ನಲ್ಲಿ ನಬೀಲ್ ಸೈದಾ ಅವರ ತಂಡ 2003ರಲ್ಲಿ ಒಂದು ಹೊಸ ಪ್ರೋಟೀನನ್ನು ವರ್ಣಿಸಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕ್ಯಾಥರೀನ್ ಬಾಲೋ ಮತ್ತು ಮರಿಯಾನ್ ಅಬಿಫಾದೆಲ್ ಅವರ ತಂಡ, ಆನುವಂಶಿಕ ಅಧಿಕ ಕೊಲೆಸ್ಟ್ರಾಲ್ ಇದ್ದ ಫ್ರೆಂಚ್ ಕುಟುಂಬಗಳಲ್ಲಿ ಇದೇ ಪ್ರೋಟೀನಿನ ಜೀನ್ ಬದಲಾಗಿರುವುದನ್ನು ಕಂಡುಕೊಂಡಿತು. ಆ ಜೀನೇ ಪಿಸಿಎಸ್‌ಕೆ9. ಅದರ ಕೆಲಸ ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಯಕೃತ್ತು ಸ್ರವಿಸುವ ಈ ಪ್ರೋಟೀನು ಎಲ್‌ಡಿಎಲ್ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಗ್ರಾಹಕ ಜೀವಕೋಶದ ಒಳಹೋದ ಮೇಲೆ ಹೊರಮೈಗೆ ಮರಳುವುದಿಲ್ಲ, ಒಳಗೇ ನಾಶವಾಗುತ್ತದೆ. ಪಿಸಿಎಸ್‌ಕೆ9 ಹೆಚ್ಚು ಚುರುಕಾದರೆ ಗ್ರಾಹಕಗಳು ಕಡಿಮೆಯಾಗಿ ರಕ್ತದಲ್ಲಿ ಎಲ್‌ಡಿಎಲ್ ಏರುತ್ತದೆ.

ಇದರ ತದ್ವಿರುದ್ಧ ಸ್ಥಿತಿಯೂ ಇರಬಹುದೇ ಎಂದು ಡಲ್ಲಾಸ್‌ನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಹುಡುಕಿದರು. ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಸುಮಾರು ಶೇ 2ರಷ್ಟು ಜನರಲ್ಲಿ ಪಿಸಿಎಸ್‌ಕೆ9 ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಸುಮಾರು 15 ವರ್ಷಗಳ ಕಾಲ ಜನರನ್ನು ಗಮನಿಸಿದ ಒಂದು ಅಧ್ಯಯನದ ಮಾಹಿತಿಯನ್ನು ಆಧರಿಸಿ 2006ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇಡೀ ಕ್ಷೇತ್ರದ ದಿಕ್ಕು ಬದಲಿಸಿತು. ಇಂಥ ಬದಲಾವಣೆ ಇದ್ದವರಲ್ಲಿ ಎಲ್‌ಡಿಎಲ್ ಶೇ 28ರಷ್ಟು ಕಡಿಮೆಯಿತ್ತು, ಹೃದಯದ ರಕ್ತನಾಳಗಳ ಕಾಯಿಲೆಯಂತೂ ಶೇ 88ರಷ್ಟು ಕಡಿಮೆಯಿತ್ತು. ಎಲ್‌ಡಿಎಲ್ ಇಳಿಕೆ ಸಾಧಾರಣವಾಗಿದ್ದರೂ ರಕ್ಷಣೆ ಇಷ್ಟು ದೊಡ್ಡದಾಗಲು ಕಾರಣ ಕಾಲಾವಧಿ. ರಕ್ತನಾಳ ಹುಟ್ಟಿನಿಂದ ಮುಪ್ಪಿನವರೆಗೆ ಒಟ್ಟು ಎಷ್ಟು ಎಲ್‌ಡಿಎಲ್‌ಗೆ ಒಡ್ಡಿಕೊಂಡಿತು ಎಂಬುದೇ ಕಾಯಿಲೆಯನ್ನು ನಿರ್ಧರಿಸುತ್ತದೆ. ಐವತ್ತರ ವಯಸ್ಸಿನಲ್ಲಿ ಶುರುಮಾಡಿದ ಮಾತ್ರೆ ಹಿಂದಿನ ಐದು ದಶಕಗಳ ಶೇಖರಣೆಯನ್ನು ಅಳಿಸಲಾರದು.

ಎರಡೂ ಪ್ರತಿಗಳು ನಿಷ್ಕ್ರಿಯವಾಗಿರುವ ಕೆಲವೇ ಕೆಲವರೂ ಪತ್ತೆಯಾದರು. ಅವರಲ್ಲಿ ಒಬ್ಬ ಮಹಿಳೆಯ ಎಲ್‌ಡಿಎಲ್ ಕೇವಲ 14 ಮಿಲಿಗ್ರಾಂ ಇತ್ತು, ಆರೋಗ್ಯ ಉತ್ತಮವಾಗಿತ್ತು. ಈ ಜೀನಿಲ್ಲದೆಯೂ ಮನುಷ್ಯ ಆರೋಗ್ಯವಾಗಿ ಬದುಕಬಹುದು ಎಂಬುದಕ್ಕೆ ಪ್ರಕೃತಿಯೇ ಸಾಕ್ಷ್ಯ ಒದಗಿಸಿದಂತಾಯಿತು. ಜೀನ್ ತಿದ್ದುಪಡಿ ಚಿಕಿತ್ಸೆ ನಿಂತಿರುವುದು ಮುಖ್ಯವಾಗಿ ಈ ಸಾಕ್ಷ್ಯದ ಮೇಲೆ.

ಬಳಕೆಯಲ್ಲಿರುವ ಔಷಧಿಗಳು ಮತ್ತು ಅವುಗಳ ಮಿತಿ

ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟ್ಯಾಟಿನನ್ನು ಪ್ರತ್ಯೇಕಿಸಿದರು. ಈ ವರ್ಗದ ಲೋವಾಸ್ಟ್ಯಾಟಿನ್ ಔಷಧಿಗೆ ಅಮೆರಿಕದಲ್ಲಿ 1987ರಲ್ಲಿ ಅನುಮತಿ ದೊರೆಯಿತು. ಸ್ಟ್ಯಾಟಿನ್‌ಗಳು ಯಕೃತ್ತಿನೊಳಗಿನ ಕೊಲೆಸ್ಟ್ರಾಲ್ ತಯಾರಿಯನ್ನು ತಡೆಯುತ್ತವೆ. ಕೊರತೆ ತುಂಬಿಕೊಳ್ಳಲು ಯಕೃತ್ತು ಹೆಚ್ಚು ಗ್ರಾಹಕಗಳನ್ನು ತಯಾರಿಸಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಆದರೆ ಅದೇ ಹೊತ್ತಿನಲ್ಲಿ ಪಿಸಿಎಸ್‌ಕೆ9 ತಯಾರಿಯೂ ಹೆಚ್ಚುವುದರಿಂದ ಔಷಧಿಯ ಪರಿಣಾಮ ಒಂದಷ್ಟು ಕುಗ್ಗುತ್ತದೆ.

ಪಿಸಿಎಸ್‌ಕೆ9 ಪ್ರೋಟೀನನ್ನು ರಕ್ತದಲ್ಲೇ ಹಿಡಿದಿಡುವ ಪ್ರತಿಕಾಯಗಳಾದ ಇವೊಲೊಕುಮ್ಯಾಬ್ ಮತ್ತು ಅಲಿರೊಕುಮ್ಯಾಬ್ 2015ರಲ್ಲಿ ಬಂದವು. ಇವು ಎಲ್‌ಡಿಎಲ್ ಅನ್ನು ಸುಮಾರು ಶೇ 60ರಷ್ಟು ಇಳಿಸುತ್ತವೆ, ಆದರೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಚುಚ್ಚಿಸಿಕೊಳ್ಳಬೇಕು. ಪಿಸಿಎಸ್‌ಕೆ9ರ ಆರ್‌ಎನ್‌ಎ ಸಂದೇಶವನ್ನೇ ನಾಶಮಾಡುವ ಇಂಕ್ಲಿಸಿರಾನ್ ಯುರೋಪಿನಲ್ಲಿ 2020ರಲ್ಲೂ ಅಮೆರಿಕದಲ್ಲಿ 2021ರಲ್ಲೂ ಅನುಮತಿ ಪಡೆಯಿತು. ಆರಂಭದ ಎರಡು ಚುಚ್ಚುಮದ್ದುಗಳ ನಂತರ ಅದನ್ನು ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಈ ಎರಡೂ ಬಗೆಯ ಔಷಧಿಗಳು ದುಬಾರಿ.

ಅಧಿಕ ಕೊಲೆಸ್ಟ್ರಾಲ್‌ಗೆ ನೋವಿಲ್ಲ, ಹೊರಗೆ ಕಾಣುವ ತೊಂದರೆಯೂ ಬಹುತೇಕರಲ್ಲಿ ಇಲ್ಲ. ಹಾಗಾಗಿ ರಕ್ತ ಪರೀಕ್ಷೆಯ ಅಂಕಿ ಸರಿಹೋದ ಕೂಡಲೇ ಮಾತ್ರೆ ಬಿಡುವವರು ಬಹಳ. ಮಾತ್ರೆ ನಿಂತ ಕೆಲವು ವಾರಗಳಲ್ಲೇ ಎಲ್‌ಡಿಎಲ್ ಹಿಂದಿನ ಮಟ್ಟಕ್ಕೆ ಏರುತ್ತದೆ. ಒಂದೇ ಸಲದ ಚಿಕಿತ್ಸೆಯ ಆಕರ್ಷಣೆ ಹುಟ್ಟುವುದು ಇಲ್ಲಿಂದ.

ಜೀನ್ ಚಿಕಿತ್ಸೆಯ ಮೊದಲ ಯತ್ನ

ಆನುವಂಶಿಕ ಅಧಿಕ ಕೊಲೆಸ್ಟ್ರಾಲ್‌ಗೆ ಜೀನ್ ಮೂಲಕ ಚಿಕಿತ್ಸೆ ನೀಡುವ ಯತ್ನ 1990ರ ದಶಕದಷ್ಟು ಹಳೆಯದು. ಅಮೆರಿಕದಲ್ಲಿ ಜೇಮ್ಸ್ ವಿಲ್ಸನ್ ಅವರ ತಂಡ ತೀವ್ರ ರೂಪದ ರೋಗಿಗಳ ಯಕೃತ್ತಿನ ಒಂದು ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಅದರ ಜೀವಕೋಶಗಳಿಗೆ ವೈರಸ್ಸಿನ ನೆರವಿನಿಂದ ಸರಿಯಾದ ಎಲ್‌ಡಿಎಲ್ ಗ್ರಾಹಕದ ಜೀನ್ ಸೇರಿಸಿ, ಮತ್ತೆ ದೇಹಕ್ಕೆ ಮರಳಿಸಿತು. ಐವರ ಮೇಲೆ ನಡೆದ ಈ ಪ್ರಯೋಗದಲ್ಲಿ ಎಲ್‌ಡಿಎಲ್ ಇಳಿಕೆ ರೋಗಿಯಿಂದ ರೋಗಿಗೆ ಬೇರೆಯಾಗಿತ್ತು, ಒಟ್ಟಾರೆ ಅಲ್ಪವೇ ಆಗಿತ್ತು. ಕಷ್ಟದ ಶಸ್ತ್ರಚಿಕಿತ್ಸೆಗೆ ತಕ್ಕ ಲಾಭ ಸಿಗಲಿಲ್ಲ. ಕೆಟ್ಟ ಜೀನಿನ ಜಾಗಕ್ಕೆ ಒಳ್ಳೆಯದನ್ನು ಸೇರಿಸುವುದಕ್ಕಿಂತ, ಇರುವ ಒಂದು ಜೀನನ್ನು ನಿಲ್ಲಿಸುವುದು ತಾಂತ್ರಿಕವಾಗಿ ಸುಲಭ. ಪಿಸಿಎಸ್‌ಕೆ9 ಪತ್ತೆಯಾದ ಮೇಲೆ ಈ ಸುಲಭದ ದಾರಿ ತೆರೆದುಕೊಂಡಿತು.

ತಿದ್ದುಪಡಿಯ ವಿಧಾನ

ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪೆಂಟಿಯರ್ 2012ರಲ್ಲಿ ವಿವರಿಸಿದ ಕ್ರಿಸ್ಪರ್ ತಂತ್ರಕ್ಕೆ 2020ರ ರಸಾಯನಶಾಸ್ತ್ರ ನೊಬೆಲ್ ದೊರೆಯಿತು. ಇದರಲ್ಲಿ ಎರಡು ಭಾಗಗಳಿವೆ. ಮಾರ್ಗದರ್ಶಿ ಆರ್‌ಎನ್‌ಎ ಡಿಎನ್‌ಎಯಲ್ಲಿ ತನಗೆ ಹೊಂದುವ ಅಕ್ಷರಸರಣಿಯನ್ನು ಹುಡುಕುತ್ತದೆ, ಕ್ಯಾಸ್9 ಎಂಬ ಕಿಣ್ವ ಅಲ್ಲಿ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಜೀವಕೋಶ ತುಂಡಾದ ತುದಿಗಳನ್ನು ಅವಸರದಲ್ಲಿ ಜೋಡಿಸುವಾಗ ಕೆಲವು ಅಕ್ಷರಗಳು ಬಿಟ್ಟುಹೋಗಿ ಅಥವಾ ಹೊಸದಾಗಿ ಸೇರಿ ಜೀನ್ ಕೆಡುತ್ತದೆ.

ಅಮೆರಿಕದ ಬ್ರಾಡ್ ಸಂಸ್ಥೆಯ ಡೇವಿಡ್ ಲಿಯು ಅವರ ತಂಡ 2016 ಮತ್ತು 2017ರಲ್ಲಿ ಇನ್ನೂ ನವಿರಾದ ವಿಧಾನವನ್ನು ರೂಪಿಸಿತು. ಬೇಸ್ ತಿದ್ದುಪಡಿ ಎಂಬ ಈ ವಿಧಾನದಲ್ಲಿ ಎರಡೂ ಎಳೆಗಳು ತುಂಡಾಗುವುದಿಲ್ಲ. ಒಂದು ಡಿಎನ್‌ಎ ಅಕ್ಷರ ರಾಸಾಯನಿಕವಾಗಿ ಇನ್ನೊಂದಾಗುತ್ತದೆ. ಅಡೆನೀನ್ ಬೇಸ್ ತಿದ್ದುಕ ಎಂಬ ಬಗೆಯಲ್ಲಿ ಎ ಅಕ್ಷರ ಜಿ ಆಗುತ್ತದೆ. ವರ್ವ್ ಥೆರಪ್ಯೂಟಿಕ್ಸ್ ಎಂಬ ಅಮೆರಿಕನ್ ಕಂಪನಿ ಪಿಸಿಎಸ್‌ಕೆ9ಕ್ಕೆ ಬಳಸಿದ್ದು ಇದನ್ನೇ. ಜೀನಿನಿಂದ ನಕಲಾದ ಆರ್‌ಎನ್‌ಎ ಸಂದೇಶದಲ್ಲಿ ಪ್ರೋಟೀನಿಗೆ ಬೇಡದ ಭಾಗಗಳನ್ನು ಜೀವಕೋಶ ಕಡಿದುಹಾಕಿ ಉಳಿದವನ್ನು ಜೋಡಿಸಬೇಕಾಗುತ್ತದೆ. ಎಲ್ಲಿ ಕಡಿಯಬೇಕೆಂಬ ಗುರುತಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಬೇಡದ ಭಾಗ ಹಾಗೆಯೇ ಉಳಿದುಬಿಡುತ್ತದೆ. ಅದರೊಳಗೆ ಬೇಗನೇ ‘ನಿಲ್ಲಿಸು’ ಎಂಬ ಸಂಕೇತ ಎದುರಾಗಿ ಪಿಸಿಎಸ್‌ಕೆ9 ಪ್ರೋಟೀನ್ ಪೂರ್ತಿಯಾಗುವ ಮುನ್ನವೇ ತಯಾರಿ ನಿಲ್ಲುತ್ತದೆ. ಮನುಷ್ಯನ ಜೀನೋಮಿನ ಸುಮಾರು 300 ಕೋಟಿ ಅಕ್ಷರ ಜೋಡಿಗಳಲ್ಲಿ ಒಂದನ್ನು ಬದಲಿಸಿ ಇಷ್ಟು ಪರಿಣಾಮ ಪಡೆಯಲಾಗುತ್ತದೆ.

ಔಷಧಿಯನ್ನು ಯಕೃತ್ತಿಗೆ ತಲುಪಿಸುವುದು ಕೊಬ್ಬಿನ ನ್ಯಾನೊಕಣಗಳು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಬಳಕೆಯಾದದ್ದೂ ಇದೇ ಬಗೆಯ ಕಣಗಳು. ತಿದ್ದುವ ಕಿಣ್ವದ ಎಂಆರ್‌ಎನ್‌ಎ ಮತ್ತು ಮಾರ್ಗದರ್ಶಿ ಆರ್‌ಎನ್‌ಎಗಳನ್ನು ಈ ಕಣಗಳಲ್ಲಿ ತುಂಬಿ, ಕೆಲವು ಗಂಟೆಗಳ ಕಾಲ ಡ್ರಿಪ್ ಮೂಲಕ ಕೊಡಲಾಗುತ್ತದೆ. ದೇಹದ ಪ್ರತಿಕ್ರಿಯೆ ತಗ್ಗಿಸಲು ಮೊದಲೇ ಸ್ಟೀರಾಯ್ಡ್ ಮತ್ತು ಅಲರ್ಜಿ ನಿರೋಧಕ ಔಷಧಿ ನೀಡುತ್ತಾರೆ. ರಕ್ತಕ್ಕೆ ಸೇರಿದ ಕಣಗಳ ಮೇಲೆ ಎಪಿಒಇ ಎಂಬ ಪ್ರೋಟೀನ್ ಅಂಟಿಕೊಳ್ಳುತ್ತದೆ, ಆ ಮೂಲಕ ಎಲ್‌ಡಿಎಲ್ ಗ್ರಾಹಕವೇ ಅವುಗಳನ್ನು ಯಕೃತ್ತಿನ ಜೀವಕೋಶದೊಳಗೆ ಸೆಳೆದುಕೊಳ್ಳುತ್ತದೆ. ಇಲ್ಲಿ ಒಂದು ತೊಡಕಿದೆ. ಚಿಕಿತ್ಸೆಯ ಅಗತ್ಯ ಅತಿ ಹೆಚ್ಚಾಗಿರುವ ರೋಗಿಗಳಲ್ಲಿ ಈ ಗ್ರಾಹಕಗಳೇ ಇರುವುದಿಲ್ಲ ಅಥವಾ ತೀರ ಕಡಿಮೆ. ಇದಕ್ಕೆ ಪರಿಹಾರವಾಗಿ ಕಣದ ಹೊರಮೈಗೆ ಗ್ಯಾಲ್‌ನ್ಯಾಕ್ ಎಂಬ ಸಕ್ಕರೆಯ ಅಣುವನ್ನು ಸೇರಿಸಲಾಯಿತು. ಇದನ್ನು ಹಿಡಿಯುವ ಬೇರೊಂದು ಗ್ರಾಹಕ ಯಕೃತ್ತಿನ ಜೀವಕೋಶಗಳಲ್ಲಿ ಹೇರಳವಾಗಿದೆ. ಒಳಸೇರಿದ ಆರ್‌ಎನ್‌ಎ ಕೆಲವೇ ದಿನಗಳಲ್ಲಿ ನಾಶವಾದರೂ ಡಿಎನ್‌ಎಯಲ್ಲಾದ ಬದಲಾವಣೆ ಉಳಿಯುತ್ತದೆ, ಜೀವಕೋಶ ವಿಭಜನೆಯಾದಾಗ ಮರಿಕೋಶಗಳಿಗೂ ಹೋಗುತ್ತದೆ.

ಪ್ರಾಣಿಗಳ ಮೇಲಿನ ಪ್ರಯೋಗಗಳು

ಕಿರಣ್ ಮುಸುನೂರು ಅವರೂ ಸಹೋದ್ಯೋಗಿಗಳೂ 2014ರಲ್ಲಿ ಇಲಿಗಳ ಯಕೃತ್ತಿನಲ್ಲಿ ಕ್ರಿಸ್ಪರ್ ಬಳಸಿ ಪಿಸಿಎಸ್‌ಕೆ9 ಜೀನನ್ನು ಕೆಡಿಸಿದರು. ಅರ್ಧಕ್ಕೂ ಹೆಚ್ಚು ಪ್ರತಿಗಳು ಬದಲಾಗಿ ಕೊಲೆಸ್ಟ್ರಾಲ್ ಶೇ 35ರಿಂದ 40ರಷ್ಟು ಇಳಿಯಿತು. ಮಂಗಗಳ ಮೇಲಿನ ಬೇಸ್ ತಿದ್ದುಪಡಿಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದೇ ಸಲದ ಡ್ರಿಪ್‌ನಿಂದ ರಕ್ತದಲ್ಲಿನ ಪಿಸಿಎಸ್‌ಕೆ9 ಸುಮಾರು ಶೇ 90ರಷ್ಟು, ಎಲ್‌ಡಿಎಲ್ ಸುಮಾರು ಶೇ 60ರಷ್ಟು ಕಡಿಮೆಯಾಗಿ ಕನಿಷ್ಠ ಎಂಟು ತಿಂಗಳು ಹಾಗೇ ಉಳಿದವು. ಮುಂದಿನ ಅಧ್ಯಯನದಲ್ಲಿ ಈ ಪರಿಣಾಮ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಂದುವರಿದದ್ದು ಕಂಡುಬಂತು. ಚಿಕಿತ್ಸೆ ಪಡೆದ ಹೆಣ್ಣು ಇಲಿಗಳ ನೂರಾರು ಮರಿಗಳನ್ನು ಪರೀಕ್ಷಿಸಿದಾಗ ಯಾವುದರಲ್ಲೂ ತಿದ್ದುಪಡಿ ಕಾಣಿಸಲಿಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳು

ಹೃದ್ರೋಗ ತಜ್ಞ ಶೇಖರ್ ಕಥಿರೇಸನ್ ಸಹಸ್ಥಾಪಕರಾಗಿದ್ದ ವರ್ವ್ ಕಂಪನಿಯ ‘ವರ್ವ್-101’ ಔಷಧಿಯನ್ನು 2022ರ ಜುಲೈನಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲ ರೋಗಿಗೆ ನೀಡಲಾಯಿತು. ಬ್ರಿಟನ್ನಿನಲ್ಲೂ ಪ್ರಯೋಗ ನಡೆಯಿತು. ಆನುವಂಶಿಕ ಅಧಿಕ ಕೊಲೆಸ್ಟ್ರಾಲ್ ಇದ್ದು ಹೃದ್ರೋಗವೂ ಇದ್ದವರನ್ನು ಇದಕ್ಕೆ ಆರಿಸಿಕೊಳ್ಳಲಾಗಿತ್ತು. ಹತ್ತು ರೋಗಿಗಳ ಮಾಹಿತಿ 2023ರ ನವೆಂಬರಿನಲ್ಲಿ ಹೊರಬಂತು. ಕಡಿಮೆ ಪ್ರಮಾಣದ ಔಷಧಿಯಿಂದ ಹೆಚ್ಚಿನ ಲಾಭವಾಗಲಿಲ್ಲ. ಮೇಲಿನ ಎರಡು ಪ್ರಮಾಣಗಳನ್ನು ಪಡೆದ ಮೂವರಲ್ಲಿ ಎಲ್‌ಡಿಎಲ್ ಶೇ 39, 48 ಮತ್ತು 55ರಷ್ಟು ಇಳಿಯಿತು. ಒಬ್ಬ ರೋಗಿಗೆ ಔಷಧಿ ಕೊಟ್ಟ ಮರುದಿನ ಹೃದಯಾಘಾತವಾಯಿತು, ಅದು ಚಿಕಿತ್ಸೆಗೆ ಸಂಬಂಧಿಸಿರಬಹುದು ಎಂದು ಪರಿಗಣಿಸಲಾಯಿತು. ಇನ್ನೊಬ್ಬರು ಕೆಲವು ವಾರಗಳ ನಂತರ ಹೃದಯ ಸ್ತಂಭನದಿಂದ ತೀರಿಕೊಂಡರು, ಅದಕ್ಕೆ ಚಿಕಿತ್ಸೆ ಕಾರಣವಲ್ಲ ಎಂದು ತೀರ್ಮಾನಿಸಲಾಯಿತು. 2024ರ ಏಪ್ರಿಲ್‌ನಲ್ಲಿ ಒಬ್ಬ ರೋಗಿಯಲ್ಲಿ ಯಕೃತ್ತಿನ ಕಿಣ್ವಗಳು ಏರಿ ಪ್ಲೇಟ್‌ಲೆಟ್‌ಗಳು ಇಳಿದದ್ದರಿಂದ ಹೊಸ ರೋಗಿಗಳ ಸೇರ್ಪಡೆಯನ್ನು ನಿಲ್ಲಿಸಲಾಯಿತು. ತೊಂದರೆಯ ಮೂಲ ತಿದ್ದುಪಡಿಯಲ್ಲ, ಕೊಬ್ಬಿನ ಕಣ ಎಂಬುದು ಕಂಪನಿಯ ನಿಲುವಾಗಿತ್ತು.

ಕಣದ ಕೊಬ್ಬನ್ನು ಬದಲಿಸಿ ಗ್ಯಾಲ್‌ನ್ಯಾಕ್ ಸೇರಿಸಿದ ‘ವರ್ವ್-102’ ನಂತರ ಪ್ರಯೋಗಕ್ಕೆ ಬಂತು. 2025ರ ಏಪ್ರಿಲ್‌ನಲ್ಲಿ 14 ರೋಗಿಗಳ ಆರಂಭಿಕ ಮಾಹಿತಿ ಪ್ರಕಟವಾಯಿತು. ಅತಿ ಹೆಚ್ಚು ಪ್ರಮಾಣ ಪಡೆದ ಗುಂಪಿನಲ್ಲಿ ಎಲ್‌ಡಿಎಲ್ ಸರಾಸರಿ ಶೇ 53ರಷ್ಟು, ಒಬ್ಬರಲ್ಲಿ ಶೇ 69ರಷ್ಟು ಇಳಿದಿತ್ತು. ಔಷಧಿಗೆ ಸಂಬಂಧಿಸಿದ ಗಂಭೀರ ದುಷ್ಪರಿಣಾಮ ವರದಿಯಾಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಎಲಿ ಲಿಲ್ಲಿ ಕಂಪನಿ ಸುಮಾರು 130 ಕೋಟಿ ಡಾಲರ್‌ವರೆಗಿನ ಮೊತ್ತಕ್ಕೆ ವರ್ವ್ ಅನ್ನು ಕೊಳ್ಳುವುದಾಗಿ ಪ್ರಕಟಿಸಿತು.

ಎರಡನೆಯ ಗುರಿಯಾದ ಎಎನ್‌ಜಿಪಿಟಿಎಲ್3 ಜೀನಿನ ಪ್ರೋಟೀನು ರಕ್ತದಲ್ಲಿನ ಕೊಬ್ಬನ್ನು ಒಡೆಯುವ ಕಿಣ್ವಗಳಿಗೆ ತಡೆಯೊಡ್ಡುತ್ತದೆ. ಇದು ಹುಟ್ಟಿನಿಂದಲೇ ನಿಷ್ಕ್ರಿಯವಾಗಿರುವವರಲ್ಲಿ ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಎರಡೂ ಕಡಿಮೆ. ಇಲ್ಲಿ ಎಲ್‌ಡಿಎಲ್ ಇಳಿಯಲು ಎಲ್‌ಡಿಎಲ್ ಗ್ರಾಹಕವೇ ಬೇಕೆಂದಿಲ್ಲ. ಆದ್ದರಿಂದ ಗ್ರಾಹಕವಿಲ್ಲದ ತೀವ್ರ ರೂಪದ ರೋಗಿಗಳಿಗೆ ಈ ಗುರಿ ವಿಶೇಷವಾಗಿ ಮಹತ್ವದ್ದು. ಕ್ರಿಸ್ಪರ್ ಥೆರಪ್ಯೂಟಿಕ್ಸ್ ಕಂಪನಿಯ ‘ಸಿಟಿಎಕ್ಸ್310’ ಔಷಧಿಯನ್ನು ಪಡೆದ 15 ಜನರ ಫಲಿತಾಂಶ 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ಪ್ರಮಾಣದಲ್ಲಿ ಎಲ್‌ಡಿಎಲ್ ಸರಾಸರಿ ಸುಮಾರು ಶೇ 49ರಷ್ಟು, ಟ್ರೈಗ್ಲಿಸರೈಡ್ ಸುಮಾರು ಶೇ 55ರಷ್ಟು ಇಳಿದವು.

ಡಿಎನ್‌ಎ ಅಕ್ಷರಗಳನ್ನು ಮುಟ್ಟದೆ, ಜೀನಿನ ಮೇಲೆ ರಾಸಾಯನಿಕ ಗುರುತು ಹಾಕಿ ಅದನ್ನು ಮೌನವಾಗಿಸುವ ವಿಧಾನವೂ ಪರೀಕ್ಷೆಯಲ್ಲಿದೆ. ಇಟಲಿಯ ಮಿಲಾನಿನಲ್ಲಿ ಆಂಜೆಲೊ ಲೊಂಬಾರ್ಡೊ ಅವರ ತಂಡ 2024ರಲ್ಲಿ ಪ್ರಕಟಿಸಿದಂತೆ, ಇಲಿಗಳಲ್ಲಿ ಹೀಗೆ ತಗ್ಗಿಸಿದ ಪಿಸಿಎಸ್‌ಕೆ9 ಸುಮಾರು ಒಂದು ವರ್ಷ ಕೆಳಮಟ್ಟದಲ್ಲೇ ಉಳಿಯಿತು.

ಅಪಾಯಗಳು ಮತ್ತು ಉಳಿದಿರುವ ಪ್ರಶ್ನೆಗಳು

ಮಾತ್ರೆಯಿಂದ ತೊಂದರೆಯಾದರೆ ಅದನ್ನು ನಿಲ್ಲಿಸಬಹುದು. ತಿದ್ದಿದ ಜೀನನ್ನು ಹಿಂದಿನ ಸ್ಥಿತಿಗೆ ತರುವ ಚಿಕಿತ್ಸೆ ಸದ್ಯಕ್ಕಿಲ್ಲ. ಈ ಚಿಕಿತ್ಸೆಯ ಸುರಕ್ಷತೆಯನ್ನು ಬೇರೆ ಔಷಧಿಗಳಿಗಿಂತ ಕಟ್ಟುನಿಟ್ಟಾಗಿ ಅಳೆಯಲು ಇದೇ ಕಾರಣ. ಮೊದಲ ಆತಂಕ ಗುರಿ ತಪ್ಪುವುದರದು. ಮಾರ್ಗದರ್ಶಿ ಆರ್‌ಎನ್‌ಎ ತನ್ನ ಗುರಿಯನ್ನು ಹೋಲುವ ಬೇರೊಂದು ಜಾಗದಲ್ಲಿ ಕೂತರೆ ಬೇಡದ ಜೀನ್ ಬದಲಾಗಬಹುದು, ಆ ಬದಲಾವಣೆ ಕ್ಯಾನ್ಸರಿಗೆ ಕಾರಣವಾಗಲೂಬಹುದು. ಎರಡೂ ಎಳೆ ಕತ್ತರಿಸುವ ವಿಧಾನದಲ್ಲಿ ಡಿಎನ್‌ಎಯ ದೊಡ್ಡ ತುಂಡುಗಳು ಕಳೆದುಹೋಗುವ ಅಪಾಯವಿದೆ. ಬೇಸ್ ತಿದ್ದುಪಡಿಯಲ್ಲಿ ಇದು ಕಡಿಮೆ, ಆದರೆ ಅಕ್ಕಪಕ್ಕದ ಅಕ್ಷರಗಳು ಬದಲಾಗುವ ಸಾಧ್ಯತೆ ಉಳಿಯುತ್ತದೆ. ಎರಡನೆಯದು ಯಕೃತ್ತಿಗೆ ಆಗಬಹುದಾದ ಹಾನಿ. ಬೇರೊಂದು ರೋಗಕ್ಕಾಗಿ ಯಕೃತ್ತಿನಲ್ಲಿ ಕ್ರಿಸ್ಪರ್ ಬಳಸುತ್ತಿದ್ದ ದೊಡ್ಡ ಪ್ರಯೋಗವೊಂದು ತೀವ್ರ ಯಕೃತ್ ತೊಂದರೆಯ ಕಾರಣಕ್ಕೆ 2025ರ ಅಕ್ಟೋಬರಿನಲ್ಲಿ ನಿಂತಿತು. ಜೀನ್ ತಿದ್ದುಪಡಿ ಪಡೆದವರನ್ನು 15 ವರ್ಷಗಳವರೆಗೆ ಗಮನಿಸಬೇಕೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಸೂಚಿಸಿದೆ.

ಪರಿಣಾಮದ ಬಗೆಗೂ ಸಾಬೀತಾಗಬೇಕಾದದ್ದು ಬಹಳವಿದೆ. ಈವರೆಗಿನ ಪ್ರಯೋಗಗಳು ಎಲ್‌ಡಿಎಲ್ ಇಳಿಯುತ್ತದೆಂದು ತೋರಿಸಿವೆ. ಹೃದಯಾಘಾತವೂ ಸಾವೂ ಕಡಿಮೆಯಾಗುತ್ತವೆಯೇ ಎಂಬುದನ್ನು ತಿಳಿಯಲು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಬೇಕು. ಹುಟ್ಟಿನಿಂದ ಪಿಸಿಎಸ್‌ಕೆ9 ಇಲ್ಲದವರ ಆರೋಗ್ಯ ಭರವಸೆ ಕೊಡುತ್ತದೆ ನಿಜ. ಆದರೆ ಮಧ್ಯವಯಸ್ಸಿನಲ್ಲಿ, ಆಗಲೇ ಕೊಬ್ಬು ಶೇಖರವಾದ ರಕ್ತನಾಳಗಳಿರುವವರಲ್ಲಿ ಜೀನ್ ನಿಲ್ಲಿಸುವುದು ಅದಕ್ಕೆ ಪೂರ್ತಿ ಸಮಾನವಲ್ಲ. ಅಗ್ಗದ, ದಶಕಗಳ ಅನುಭವವಿರುವ ಮಾತ್ರೆಗಳು ಕೈಯಲ್ಲಿರುವಾಗ ಹೊಸ ಚಿಕಿತ್ಸೆಯಲ್ಲಿ ತೀರ ಚಿಕ್ಕ ಅಪಾಯವನ್ನು ಮಾತ್ರ ಒಪ್ಪಿಕೊಳ್ಳಬಹುದು. ಇಲ್ಲಿ ಬದಲಾಗುವುದು ಯಕೃತ್ತಿನ ಜೀವಕೋಶಗಳು. ಮುಂದಿನ ಪೀಳಿಗೆಗೆ ಹೋಗುವ ಅಂಡ ಅಥವಾ ವೀರ್ಯಾಣುವನ್ನು ತಿದ್ದುವುದು ಇದರ ಉದ್ದೇಶವಲ್ಲ. ಹಾಗಾಗಿ ಚಿಕಿತ್ಸೆ ಪಡೆದವರ ಮಕ್ಕಳಿಗೆ ಮೂಲ ದೋಷ ಬರುವ ಸಾಧ್ಯತೆ ಮೊದಲಿನಷ್ಟೇ ಇರುತ್ತದೆ.

ಭಾರತದ ಸಂದರ್ಭ

ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇರೆಡೆಯವರಿಗಿಂತ ಬೇಗ ಬರುತ್ತದೆ. 52 ದೇಶಗಳಲ್ಲಿ ನಡೆದ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಪಾಲ್ಗೊಂಡಿದ್ದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದಲ್ಲಿ 53 ಇದ್ದರೆ ಇತರೆಡೆ ಸುಮಾರು 59 ಇತ್ತು. ನಲವತ್ತು ದಾಟದವರ ಹೃದ್ರೋಗವನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಪ್ರತ್ಯೇಕವಾಗಿ ದಾಖಲಿಸಿ ಅಧ್ಯಯನ ಮಾಡುತ್ತಿದೆ. ಜೀನ್ ಚಿಕಿತ್ಸೆಯ ಪ್ರಯೋಗಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಈ ಚಿಕಿತ್ಸೆಯ ಲಾಭ ತಲುಪಬೇಕಾದರೆ ಅದಕ್ಕೂ ಮುಂಚೆ ರೋಗಿ ಯಾರೆಂಬುದು ಗೊತ್ತಾಗಬೇಕು. ಆನುವಂಶಿಕ ಅಧಿಕ ಕೊಲೆಸ್ಟ್ರಾಲ್ ಇರುವ ಬಹುಪಾಲು ಜನರಿಗೆ ಅದು ತಮಗಿದೆಯೆಂಬುದೇ ತಿಳಿದಿಲ್ಲ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಉಳಿದವರ ಎಲ್‌ಡಿಎಲ್ ಪರೀಕ್ಷೆ ಮಾಡಿಸುವುದು, ಹೆಚ್ಚಿದ್ದರೆ ಸ್ಟ್ಯಾಟಿನ್ ಆರಂಭಿಸುವುದು ಇಂದೇ ಸಾಧ್ಯವಿರುವ ಕೆಲಸ. ಜೀನ್ ತಿದ್ದುಪಡಿ ಯಶಸ್ವಿಯಾದರೆ ಮೊದಲು ನೆರವಾಗುವುದು ತೀವ್ರ ಆನುವಂಶಿಕ ರೋಗವಿದ್ದು ಇರುವ ಔಷಧಿಗಳಿಂದ ಎಲ್‌ಡಿಎಲ್ ಇಳಿಯದವರಿಗೆ. ದೀರ್ಘಕಾಲದ ಸುರಕ್ಷತೆ ಖಚಿತವಾಗಿ ಬೆಲೆಯೂ ಕೈಗೆಟುಕುವಂತಾದರೆ ಮಾತ್ರ ಅದು ಸಾಮಾನ್ಯ ಹೃದ್ರೋಗ ತಡೆಯ ಸಾಧನವಾಗಬಲ್ಲದು.